ಗುಂಯ್ ಅನ್ನುವ ಚಕ್ರ ಯಾವುದು?

ಮಳೆಗಾಲ ಮುಗಿದ ಮೇಲೆ ನನಗೆ ಬರುವ ಪತ್ರಗಳಲ್ಲಿ ಬೇರಿಂಗ್ ಪ್ರಶ್ನೆಗಳೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ, ಕೆಸರು, ಗದ್ದೆ ಬದಿಯ ರಸ್ತೆ. ದೀಪಾವಳಿ ಹೊತ್ತಿಗೆ ಚಕ್ರ ಕೂಗಲು ಶುರು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಯಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಉತ್ತರದ ಅರ್ಧ ಅದರಲ್ಲೇ ಇದೆ.

ಮೇಷ್ಟ್ರೇ, ನನ್ನ ಹತ್ತಿರ 2004ರ ಮಾರುತಿ 800 ಇದೆ. ಅಪ್ಪ ಕೊಂಡಿದ್ದು, ಮಾರಲು ಮನಸ್ಸಿಲ್ಲ. 40 ದಾಟಿದರೆ ಮುಂದಿನಿಂದ ಗುಂಯ್ ಅನ್ನುವ ಸದ್ದು. 60ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಗ್ಯಾರೇಜಿನವರು ಎರಡೂ ಕಡೆ ಬೇರಿಂಗ್ ಹೋಗಿದೆ ಅನ್ನುತ್ತಾರೆ. ಪಾನಾ ಹಿಡಿದು ಅಭ್ಯಾಸ ಇದೆ, ಬ್ರೇಕ್ ಪ್ಯಾಡ್ ನಾನೇ ಹಾಕಿಕೊಳ್ಳುತ್ತೇನೆ. ಬೇರಿಂಗ್ ಮನೆಯಲ್ಲೇ ಬದಲಾಯಿಸಬಹುದೇ?
— ಓದುಗರು, ತೀರ್ಥಹಳ್ಳಿ

ಬದಲಾಯಿಸಬಹುದು. ಆದರೆ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ. ಬೇರಿಂಗನ್ನು ಒತ್ತಿ ತೆಗೆಯುವುದು, ಒತ್ತಿ ಕೂರಿಸುವುದು ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡ್ ಕಲಿಸುವಾಗ ನನ್ನ ಹುಡುಗರಿಗೆ ಇದನ್ನೇ ಹೇಳುತ್ತಿದ್ದೆ: ಬೇರಿಂಗ್ ಕೆಲಸ ಕೆಡುವುದು ಬಿಚ್ಚುವಾಗ ಅಲ್ಲ, ಕೂರಿಸುವಾಗ. ಹೊಸ ಬೇರಿಂಗ್ ಹಾಕಿಸಿದ ವಾರಕ್ಕೇ ಮತ್ತೆ ಕೂಗಿತು ಅಂತ ಯಾರಾದರೂ ಹೇಳಿದರೆ, ನಾನು ಮೊದಲು ಕೇಳುವುದು ‘ಯಾವುದರಿಂದ ಬಡಿದರು?’ ಅಂತ.

ಅದಕ್ಕೂ ಮುಂಚೆ, ಎರಡೂ ಕಡೆ ಹೋಗಿದೆ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಒಂದೇ ಸಲ ಎರಡೂ ಹೋಗುವುದು ಅಪರೂಪ. ಬ್ರೇಕ್ ಪ್ಯಾಡಿನ ಹಾಗೆ ಬೇರಿಂಗನ್ನು ಜೋಡಿಯಾಗಿ ಬದಲಾಯಿಸಬೇಕು ಅನ್ನುವ ನಿಯಮವೂ ಇಲ್ಲ. ಹೋಗಿರುವುದನ್ನು ಹಾಕಿ, ಇನ್ನೊಂದನ್ನು ಬಿಡಿ.

ಸರಿ, ಹೋಗಿರುವುದು ಯಾವುದು? ನೇರ, ಖಾಲಿ ರಸ್ತೆಯಲ್ಲಿ 60ಕ್ಕೆ ತನ್ನಿ. ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ಬಿಡಿ. ಎಂಜಿನ್ ಸದ್ದು ಇಳಿದರೂ ಗುಂಯ್ ಹಾಗೇ ಇದ್ದು, ಗಾಡಿ ನಿಧಾನವಾದ ಹಾಗೆ ಮಾತ್ರ ಇಳಿದರೆ ಅದು ಚಕ್ರದ ಕಡೆಯದ್ದು. ಆಮೇಲೆ ಮತ್ತೆ ಗೇರ್ ಹಾಕಿಕೊಂಡು ಸ್ಟೇರಿಂಗನ್ನು ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತೂಗಿ ನೋಡಿ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯದ್ದೇ ಹೋಗಿರುತ್ತದೆ. ಬಲಕ್ಕೆ ತಿರುಗಿದಾಗ ಜಾಸ್ತಿಯಾದರೆ ಎಡಗಡೆಯದ್ದು. ನೀವು ತೀರ್ಥಹಳ್ಳಿಯವರು, ಹತ್ತಿರ ಇದೆ ಅಂತ ಆಗುಂಬೆ ಘಾಟಿಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಆ ತಿರುವುಗಳಲ್ಲಿ 20ರ ವೇಗಕ್ಕೆ ಬೇರಿಂಗ್ ಬಾಯಿ ಬಿಡುವುದಿಲ್ಲ, ಹಿಂದಿನ ಬಸ್ಸಿನವನು ಮಾತ್ರ ಬಿಡುತ್ತಾನೆ.

ರಸ್ತೆಯ ಪರೀಕ್ಷೆ ನೂರಕ್ಕೆ ನೂರು ಸರಿ ಬರುವುದಿಲ್ಲ. ಕೈ ಪರೀಕ್ಷೆ ಮಾಡಲೇಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಮುಂದಿನ ಒಂದು ಚಕ್ರ ಎತ್ತಿ, ಜಾಕ್ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಕೈಯನ್ನೂ ಹಾಕಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ. ಮುಂದೆ ಚಕ್ರ ಬಿಚ್ಚುವ ಹಂತ ಬಂದಾಗ ಅದನ್ನು ಚಾಸಿ ಕೆಳಗೆ ಮಲಗಿಸಿಡಿ, ಅದು ಎರಡನೇ ಕಾವಲು.

ಈಗ ಚಕ್ರದ ಮೇಲ್ಭಾಗ ಒಂದು ಕೈಯಲ್ಲಿ, ಕೆಳಭಾಗ ಇನ್ನೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂತ ಆಟ, ಅಂದರೆ ಸಡಿಲ ಅಲುಗಾಟ, ಸಿಕ್ಕರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ಬೇರಿಂಗ್ ಸವೆದಿದೆ. ಬ್ರೇಕ್ ಹಿಡಿದರೂ ಆಟ ಉಳಿದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ ಕಡೆ ನೋಡಿ. ಎಡ-ಬಲಕ್ಕೆ ಮಾತ್ರ ಆಟ ಇದ್ದರೆ ಟೈರಾಡ್ ಎಂಡ್, ಅಂದರೆ ಸ್ಟೇರಿಂಗ್ ರಾಡಿನ ತುದಿಯ ಕೀಲು, ಇರಬಹುದು.

ಆಟ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತ ಅಲ್ಲ. ಇದಕ್ಕೆ ಇನ್ನೊಂದು ಪರೀಕ್ಷೆ ಇದೆ, ನನಗೆ ಇದರ ಮೇಲೇ ಹೆಚ್ಚು ನಂಬಿಕೆ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಒಂದು ಕೈಯ ಬೆರಳು ಮುಂದಿನ ಸ್ಟ್ರಟ್‌ನ (ಶಾಕ್ ಅಬ್ಸಾರ್ಬರ್ ಕಂಬದ) ಸ್ಪ್ರಿಂಗ್ ಮೇಲೆ ಮೆತ್ತಗೆ ಇಡಿ. ಇನ್ನೊಂದು ಕೈಯಲ್ಲಿ ಚಕ್ರ ಜೋರಾಗಿ ತಿರುಗಿಸಿ. ಒಳ್ಳೆಯ ಬೇರಿಂಗ್ ಇದ್ದರೆ ಸ್ಪ್ರಿಂಗ್ ಸುಮ್ಮನಿರುತ್ತದೆ. ಕೆಟ್ಟಿದ್ದರೆ ಜುಮುಜುಮು ಅನ್ನುವುದು ಬೆರಳಿಗೆ ಬರುತ್ತದೆ. ಕಿವಿಗೆ ಕೇಳದ ಸದ್ದೂ ಸ್ಪ್ರಿಂಗಿನಲ್ಲಿ ಸಿಗುತ್ತದೆ. ಎರಡೂ ಕಡೆ ಹೀಗೆ ಮಾಡಿ, ಹೋಲಿಸಿ. ಬೆರಳನ್ನು ಸ್ಪ್ರಿಂಗಿನ ಸುತ್ತುಗಳ ನಡುವೆ ತೂರಿಸಬೇಡಿ, ಮೇಲೆ ಇಟ್ಟರೆ ಸಾಕು.

ಬಿಚ್ಚುವ ಕೆಲಸಕ್ಕೆ ಬರೋಣ. ಮೊದಲ ನಟ್ಟೇ ದೊಡ್ಡ ತಲೆನೋವು. ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ತುದಿಯ ನಟ್, ಅಂದರೆ ಆಕ್ಸಲ್ ನಟ್, ಇದೆಯಲ್ಲ, ಅದನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಸಡಿಲಿಸಬೇಕು. ಎತ್ತಿದ ಮೇಲೆ ಅದರ ಜೊತೆ ಗುದ್ದಾಡಿದರೆ ಗಾಡಿ ಸ್ಟ್ಯಾಂಡಿನಿಂದ ಜಾರುತ್ತದೆ. ಸ್ಪ್ಲಿಟ್ ಪಿನ್ ಇದ್ದರೆ ತೆಗೆಯಿರಿ. ಕೆಲವು ಗಾಡಿಗಳಲ್ಲಿ ನಟ್‌ನ ಅಂಚನ್ನು ಶಾಫ್ಟ್‌ನ ಸೀಳಿನೊಳಗೆ ಬಡಿದು ಮಡಚಿರುತ್ತಾರೆ, ಆ ಮಡಿಕೆಯನ್ನು ಉಳಿಯಿಂದ ಬಿಡಿಸಿ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಸಾಕೆಟ್‌ಗೆ ಉದ್ದದ ರಾಡ್, ರಾಡಿಗೆ ಒಂದು ಮೀಟರ್ ಜಿಐ ಪೈಪ್. ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದರೆ ಇನ್ನೂ ಒಳ್ಳೆಯದು. ಈಗ ಪೂರ್ತಿ ಬಿಚ್ಚಬೇಡಿ, ಬಿಗಿ ಬಿಟ್ಟರೆ ಸಾಕು. ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ.

ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಬ್ರೇಕ್ ಹೋಸಿನ ಮೇಲೆ ನೇತಾಡಲು ಬಿಡಬೇಡಿ. ತಂತಿ ಹಾಕಿ ಸ್ಪ್ರಿಂಗಿಗೆ ಕಟ್ಟಿ. ಟೈರಾಡ್ ಎಂಡನ್ನು ಪುಲ್ಲರ್ ಹಾಕಿ ಬಿಡಿಸಿ. ಪುಲ್ಲರ್ ಇಲ್ಲದಿದ್ದರೆ ಒಂದು ಉಪಾಯ: ನಟ್ ಅನ್ನು ತುದಿವರೆಗೆ ಬಿಚ್ಚಿ ಅಲ್ಲೇ ಬಿಡಿ, ನಕಲ್ (ಚಕ್ರದ ಬೇರಿಂಗ್ ಕೂತಿರುವ ಲೋಹದ ತುಂಡು) ಇದೆಯಲ್ಲ, ಅದರ ಕಿವಿಗೆ, ಅಂದರೆ ಜಾಯಿಂಟ್ ಕೂತಿರುವ ದಪ್ಪ ಭಾಗಕ್ಕೆ, ಪಕ್ಕದಿಂದ ಸುತ್ತಿಗೆಯ ಗಟ್ಟಿ ಏಟು ಕೊಡಿ. ಟಪ್ ಅಂತ ಬಿಡುತ್ತದೆ. ನಟ್ ಕೂರುವ ಮರೆಯ (ಥ್ರೆಡ್ಡಿನ) ಮೇಲೆ ಮಾತ್ರ ಬಡಿಯಬಾರದು, ಮರೆ ಕೆಟ್ಟರೆ ಹೊಸ ಟೈರಾಡ್ ಎಂಡ್ ತರಬೇಕು. ಸ್ಟ್ರಟ್‌ಗೆ ನಕಲ್ ಹಿಡಿದಿರುವ ಎರಡು ಬೋಲ್ಟ್ ಬಿಚ್ಚುವ ಮುಂಚೆ ಬಿಳಿ ಪೇಂಟಿನಲ್ಲಿ ಗುರುತು ಹಾಕಿಕೊಳ್ಳಿ. ವಾಪಸ್ ಅದೇ ಜಾಗಕ್ಕೆ ಕೂತರೆ ಚಕ್ರದ ಓರೆ ಹೆಚ್ಚು ಕೆಡುವುದಿಲ್ಲ. ಆಮೇಲೆ ಅಲೈನ್‌ಮೆಂಟ್ ಮಾಡಿಸುವುದು ಹೇಗೂ ಇದ್ದೇ ಇದೆ. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಡ್ರೈವ್ ಶಾಫ್ಟನ್ನು ಹಬ್‌ನಿಂದ, ಅಂದರೆ ಚಕ್ರ ಕೂರುವ ನಡುಭಾಗದಿಂದ, ಹೊರಗೆ ಎಳೆಯಿರಿ. ಶಾಫ್ಟ್ ಗಟ್ಟಿ ಹಿಡಿದಿದ್ದರೆ ನಟ್ ಅನ್ನು ತುದಿಗೆ ಸಮ ಕೂರಿಸಿ, ಮರದ ತುಂಡು ಇಟ್ಟು ಬಡಿಯಿರಿ. ಬಿಟ್ಟ ಶಾಫ್ಟನ್ನೂ ತಂತಿಯಲ್ಲಿ ಕಟ್ಟಿ. ಹೊರಗೆ ಜಗ್ಗಿದರೆ ಒಳ ತುದಿ ಗೇರ್‌ಬಾಕ್ಸ್ ಕಡೆ ಕಳಚಿಕೊಳ್ಳುತ್ತದೆ.

ಈಗ ಕೈಯಲ್ಲಿ ನಕಲ್, ಅದರೊಳಗೆ ಹಬ್. ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು, ಚೀಲಕ್ಕೆ ಹಾಕಿಕೊಂಡು ಲೇತ್ ಅಂಗಡಿಗೆ ಹೋಗಿ. ಶಿವಮೊಗ್ಗಕ್ಕೆ ಬಂದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಕೇಳಿ. ಕೆಸರು ಸಮೇತ ತಂದವನ ಕೆಲಸವನ್ನು ಲೇತಿನವನು ಕೊನೆಗೆ ಇಟ್ಟುಕೊಳ್ಳುತ್ತಾನೆ, ತೊಳೆದು ತಂದವನದ್ದು ಮೊದಲು. ಮತ್ತೆ, ಅಲ್ಲೇ ನಿಂತು ಮಾಡಿಸಿ. ಬಿಟ್ಟು ಕಾಫಿಗೆ ಹೋಗಬೇಡಿ.

ಏಕೆ ಅಂದರೆ ನೋಡಬೇಕಾದ ವಿಷಯ ಅಲ್ಲೇ ಇದೆ. 800ರ ನಕಲ್ ಒಳಗೆ ಎರಡು ಬಾಲ್ ಬೇರಿಂಗ್, ನಡುವೆ ಒಂದು ಸ್ಪೇಸರ್, ಹೊರಗೆ ಒಳಗೆ ಆಯಿಲ್ ಸೀಲ್. ಬೇರಿಂಗಿನ ಔಟರ್ ರೇಸ್ (ಹೊರ ಬಳೆ) ನಕಲ್‌ನಲ್ಲಿ ಬಿಗಿ, ಇನ್ನರ್ ರೇಸ್ (ಒಳ ಬಳೆ) ಹಬ್ ಮೇಲೆ ಬಿಗಿ. ಎರಡರ ನಡುವೆ ಗುಂಡುಗಳು. ಬೇರಿಂಗನ್ನು ನಕಲ್ ಒಳಗೆ ಕೂರಿಸುವಾಗ ಔಟರ್ ರೇಸನ್ನೇ ಒತ್ತಬೇಕು. ಹಬ್ಬನ್ನು ಬೇರಿಂಗ್ ಒಳಗೆ ಇಳಿಸುವಾಗ ಹಿಂದಿನಿಂದ ಇನ್ನರ್ ರೇಸಿಗೆ ಆಸರೆ ಕೊಡಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಪ್ರೆಸ್ಸಿನ ಟನ್‌ಗಟ್ಟಲೆ ಒತ್ತಡ ಗುಂಡುಗಳ ಮೂಲಕ ಹಾದು ಹೋಗುತ್ತದೆ. ಗುಂಡು ಕೂತ ಕಡೆಯೆಲ್ಲ ರೇಸಿನ ದಾರಿಯಲ್ಲಿ ಚುಕ್ಕಿ ಚುಕ್ಕಿ ತಗ್ಗು ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಪ್ರತಿ ಸುತ್ತಿಗೂ ಗುಂಡು ಆ ತಗ್ಗು ಹತ್ತಿ ಇಳಿಯುತ್ತದೆ, ಮೊದಲ ದಿನದಿಂದಲೇ ಗುಂಯ್. ಹೆಚ್ಚಿನವರು ಮೊದಲನೆಯದನ್ನು ಸರಿಯಾಗಿ ಮಾಡುತ್ತಾರೆ, ಹಬ್ ಇಳಿಸುವಾಗ ಆಸರೆ ಕೊಡುವುದನ್ನು ಮರೆಯುತ್ತಾರೆ. ನೀವು ಪಕ್ಕದಲ್ಲಿ ನಿಂತು, ‘ಅಣ್ಣಾ, ಹಿಂದೆ ಪೈಪ್ ತುಂಡು ಇಟ್ಟೆಯಾ?’ ಅಂತ ಒಂದು ಮಾತು ಕೇಳಿ. ಅವನಿಗೆ ಸಿಟ್ಟು ಬಂದರೂ ಪರವಾಗಿಲ್ಲ.

ಸ್ಪೇಸರ್ ಮರೆಯಬೇಡಿ. ಹಳೆಯ ಬೇರಿಂಗ್ ಜೊತೆ ಅದು ಕಸಕ್ಕೆ ಹೋದ ಉದಾಹರಣೆ ಇದೆ. ಸ್ಪೇಸರ್ ಇಲ್ಲದೆ ಆಕ್ಸಲ್ ನಟ್ ಬಿಗಿದರೆ ಎರಡೂ ಇನ್ನರ್ ರೇಸ್ ಒಂದರ ಕಡೆಗೊಂದು ಸರಿದು ಗುಂಡುಗಳು ಹಿಸುಕಿಕೊಳ್ಳುತ್ತವೆ.

ಹಬ್ ಹೊರಬಂದಾಗ ಕೆಲವೊಮ್ಮೆ ಒಂದು ಇನ್ನರ್ ರೇಸ್ ಅದರ ಮೇಲೇ ಕಚ್ಚಿಕೊಂಡು ಉಳಿಯುತ್ತದೆ. ಪುಲ್ಲರ್ ಹಿಡಿಯಲು ಅಂಚೇ ಸಿಗುವುದಿಲ್ಲ. ಆಗ ಗ್ರೈಂಡರ್‌ನಲ್ಲಿ ರೇಸಿಗೆ ಓರೆಯಾಗಿ ಒಂದು ಗೀರು ಹಾಕಿ. ಮುಕ್ಕಾಲು ಪಾಲು ಆಳಕ್ಕೆ ಹೋಗಲಿ, ಹಬ್‌ಗೆ ತಾಗಬಾರದು. ಆ ಗೀರಿನಲ್ಲಿ ಉಳಿ ಇಟ್ಟು ಒಂದು ಏಟು. ರೇಸ್ ಗಟ್ಟಿ ಉಕ್ಕು, ಟಣ್ ಅಂತ ಸೀಳುತ್ತದೆ. ಕನ್ನಡಕ ಹಾಕಿಕೊಳ್ಳದೆ ಈ ಕೆಲಸ ಮಾಡಬೇಡಿ. ಚಷ್ಮಾ ಸಾಲದು, ಬದಿಯೂ ಮುಚ್ಚುವ ಕೆಲಸದ ಕನ್ನಡಕ ಬೇಕು. ರೇಸ್ ಹೋದ ಮೇಲೆ ಹಬ್‌ನ ಆ ಜಾಗಕ್ಕೆ ಉಗುರು ಓಡಿಸಿ ನೋಡಿ. ರೇಸ್ ಸುತ್ತಿ ಸವೆದ ನೀಲಿ ಗೆರೆ, ಉಗುರಿಗೆ ಸಿಗುವ ತಗ್ಗು ಇದ್ದರೆ ಹಬ್ಬನ್ನೂ ಬದಲಾಯಿಸಿ. ಸಡಿಲ ಹಬ್ ಮೇಲೆ ಎಷ್ಟು ದುಬಾರಿ ಬೇರಿಂಗ್ ಹಾಕಿದರೂ ದಂಡ. ಸೆಂಟರ್ ಪಂಚ್‌ನಲ್ಲಿ ಚುಕ್ಕಿ ಹೊಡೆದು ಬಿಗಿ ಮಾಡಿಕೊಡುತ್ತೇನೆ ಅನ್ನುವವರಿಗೆ ಕೈ ಮುಗಿದು ಬನ್ನಿ.

ತೆಗೆದ ಹಳೆಯ ಬೇರಿಂಗ್ ಎಸೆಯುವ ಮುಂಚೆ ಸೀಲ್ ಕಿತ್ತು ಒಳಗೆ ನೋಡಿ. ನಿಮ್ಮ ಊರಿನ ಗಾಡಿಯಾದ್ದರಿಂದ ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿರುವ ಸಾಧ್ಯತೆ ಹೆಚ್ಚು. ನೀರು ಹೊಕ್ಕಿದೆ ಅಂತ ಅರ್ಥ. ಹಾಗಿದ್ದರೆ ಡ್ರೈವ್ ಶಾಫ್ಟ್ ಹಬ್‌ಗೆ ಸೇರುವ ಕಡೆಯ ಒಳ ಸೀಲ್ ಕೂರುವ ಜಾಗವನ್ನೂ ನೋಡಿ, ತುಕ್ಕು ಹಿಡಿದು ಒರಟಾಗಿದ್ದರೆ ಹೊಸ ಸೀಲನ್ನೂ ಅದು ತಿನ್ನುತ್ತದೆ. ನುಣ್ಣಗಿನ ಎಮರಿ ಕಾಗದದಲ್ಲಿ ಉಜ್ಜಿ, ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ ಹಾಕಿ. ಅದೇ ಹಳೆಯ ಬೇರಿಂಗಿನ ಔಟರ್ ರೇಸ್ ಇಟ್ಟುಕೊಳ್ಳಿ. ಹೊರಮೈಯನ್ನು ಗ್ರೈಂಡರ್‌ನಲ್ಲಿ ಒಂದು ಸುತ್ತು ತೆಳ್ಳಗೆ ಮಾಡಿದರೆ, ಹೊಸ ಬೇರಿಂಗ್ ಒತ್ತಲು ಅದಕ್ಕಿಂತ ಸರಿಯಾದ ಅಳತೆಯ ಬಳೆ ಬೇರೆ ಸಿಗುವುದಿಲ್ಲ. ನಕಲ್ ಒಳಗೆ ಸಿಕ್ಕಿಕೊಳ್ಳುವುದೂ ಇಲ್ಲ.

ಪ್ರೆಸ್ ಹತ್ತಿರದಲ್ಲಿ ಇಲ್ಲವೇ ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿ ಇಡಿ. ಮನೆಯವರನ್ನು ಮೊದಲು ಕೇಳಿ. ಬೆಳಗ್ಗೆ ನಕಲ್ಲನ್ನು ಬಿಸಿ ಮಾಡಿ, ನೀರಿನ ಹನಿ ಬಿದ್ದರೆ ಚುರ್ ಅನ್ನುವಷ್ಟು, ಅಂದರೆ 100 ಡಿಗ್ರಿಯ ಆಸುಪಾಸು. ಹೊರ ಅಳತೆ 60 ಮಿ.ಮೀ. ಆಸುಪಾಸಿನ ಬೇರಿಂಗ್ ಫ್ರೀಜರಿನಲ್ಲಿ ಒಂದು ಮಿ.ಮೀ.ಯ ನೂರನೇ ಮೂರು ಭಾಗದಷ್ಟು ಕುಗ್ಗುತ್ತದೆ. ನಕಲ್‌ನ ತೂತು ನೂರನೇ ನಾಲ್ಕೈದು ಭಾಗ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸಬಹುದು, ಬೇರಿಂಗ್ ಬಿಗಿ ಇರುವುದೂ ಅಷ್ಟರಲ್ಲೇ. ಆಮೇಲೆ ಗಟ್ಟಿ ಉಕ್ಕಿನ ದಪ್ಪ ಮರೆ ರಾಡ್, ಎರಡು ಕಡೆ ದಪ್ಪ ವಾಷರ್, ನಟ್, ಔಟರ್ ರೇಸಿನ ಬಳೆ ಇಟ್ಟುಕೊಂಡು ಪಾನಾದಲ್ಲಿ ನಿಧಾನವಾಗಿ ಎಳೆದು ಕೂರಿಸಬಹುದು. ಹಾರ್ಡ್‌ವೇರ್ ಅಂಗಡಿಯ ಮೆತ್ತಗಿನ ಮರೆ ರಾಡ್ ತಂದರೆ ಅರ್ಧ ದಾರಿಯಲ್ಲಿ ಮರೆ ಕಿತ್ತುಹೋಗುತ್ತದೆ, 8.8 ಗುರುತಿನದ್ದು ಕೇಳಿ ತನ್ನಿ. ಬಿಸಿಯನ್ನು ನಕಲ್‌ಗೆ ಮಾತ್ರ ಕೊಡಿ. ಬೇರಿಂಗ್ ಮೇಲೆ ಗ್ಯಾಸ್ ಬೆಂಕಿ ಬಿಟ್ಟರೆ ಸೀಲ್ ಕರಗುತ್ತದೆ, ಉಕ್ಕಿನ ಹದವೂ ಹೋಗುತ್ತದೆ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಎರಡು ವಿಷಯ ಮಾತ್ರ ಹೇಳುತ್ತೇನೆ. ಆಕ್ಸಲ್ ನಟ್ ಸರಿಯಾಗಿ ಬಿಗಿಯಾಗುವ ಮುಂಚೆ ಗಾಡಿಯನ್ನು ಚಕ್ರದ ಮೇಲೆ ಇಳಿಸಿ ಉರುಳಿಸಬೇಡಿ. ಬೇರಿಂಗಿನ ಭಾಗಗಳನ್ನು ಒಟ್ಟಿಗೆ ಹಿಡಿದಿರುವುದೇ ಆ ನಟ್. ಇನ್ನೊಂದು, ಆ ನಟ್ ಅನ್ನು ಅಂದಾಜಿಗೆ ಬಿಗಿಯಬೇಡಿ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಅಂಕಿ ನೋಡಿ, ಟಾರ್ಕ್ ರೆಂಚ್ ತನ್ನಿ, ಬಾಡಿಗೆಗಾದರೂ. ಎಷ್ಟು ಬಲ ಅಂತ ಅಂದಾಜು ಬೇಕಾದರೆ ಕೇಳಿ: 60 ಕೆಜಿ ತೂಕದವರು ನಟ್‌ನಿಂದ 30 ಸೆಂ.ಮೀ. ದೂರದಲ್ಲಿ ಪಾನಾ ಮೇಲೆ ನಿಂತರೆ ಸುಮಾರು 18 ಕೆಜಿ-ಮೀಟರ್ ಆಗುತ್ತದೆ. ಸಣ್ಣ ಕಾರುಗಳ ಆಕ್ಸಲ್ ನಟ್ ಹೆಚ್ಚು ಕಡಿಮೆ ಇಂಥ ಬಲ ಕೇಳುತ್ತದೆ. ಬರೀ ಕೈಯಲ್ಲಿ ‘ಟೈಟ್ ಆಯ್ತು’ ಅನ್ನಿಸುವುದು ಇದರ ಅರ್ಧಕ್ಕೇ. ಹೊಸ ಸ್ಪ್ಲಿಟ್ ಪಿನ್ ಹಾಕಿ. ಬಡಿದು ಮಡಚುವ ನಟ್ ಆಗಿದ್ದರೆ ನಟ್ಟನ್ನೇ ಹೊಸದು ಹಾಕಿ.

ಗಾಡಿ ಹೊರಡಿಸುವ ಮುಂಚೆ ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತಿ. ಕ್ಯಾಲಿಪರ್ ಬಿಚ್ಚಿದ್ದೀರಿ, ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಕೊನೆಗೆ ನಿಮ್ಮ ವಾಷಿಂಗ್ ಅಭ್ಯಾಸದ ಬಗ್ಗೆ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರನ್ನು ಚಕ್ರದ ನಡುವಿಗೆ, ಹಿಂದಿನಿಂದ ನಕಲ್‌ಗೆ ನೇರ ಹೊಡೆಸಬೇಡಿ. ಹಳ್ಳ ದಾಟಿದ ನೀರಿಗಿಂತ ಈ ನೀರು ಸೀಲಿನೊಳಗೆ ಸುಲಭವಾಗಿ ಹೋಗುತ್ತದೆ. ಅಂಗಳದ ಪೈಪಿನ ನೀರು ಸಾಕು.

ನನ್ನದು ಹಳೆಯ ಸ್ಯಾಂಟ್ರೋ. ಸದ್ದು ಬರುತ್ತಿತ್ತು ಅಂತ ಬಲಗಡೆ ಬೇರಿಂಗ್ ಹಾಕಿಸಿದೆ. ಹೋಗಲಿಲ್ಲ. ಎಡಗಡೆಯದ್ದೂ ಹಾಕಿಸಿದೆ. ಸದ್ದು ಹಾಗೇ ಇದೆ. ಈಗ ಗೇರ್‌ಬಾಕ್ಸ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲೇ?
— ಓದುಗರು, ಹಾಸನ

ಬೇಡ. ಮೊದಲು ಟೈರ್ ಮೇಲೆ ಕೈ ಆಡಿಸಿ. ಅಂಗೈಯನ್ನು ಟೈರಿನ ಮೇಲ್ಮೈಗೆ ಒತ್ತಿ ಮುಂದಕ್ಕೆ ಸವರಿ, ಆಮೇಲೆ ಹಿಂದಕ್ಕೆ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಲ್ಲು ಸಿಕ್ಕಿದಂತಾದರೆ ಟೈರ್ ಅಡ್ಡಾದಿಡ್ಡಿ ಸವೆದಿದೆ. ಅಂಥ ಟೈರ್ ಮಾಡುವ ಸದ್ದಿಗೂ ಬೇರಿಂಗ್ ಸದ್ದಿಗೂ ಅನುಭವ ಇದ್ದವರೂ ಮೋಸ ಹೋಗುತ್ತಾರೆ. ವ್ಯತ್ಯಾಸ ಒಂದಿದೆ. ಟೈರಿನ ಸದ್ದು ರಸ್ತೆ ಬದಲಾದ ಹಾಗೆ ಬದಲಾಗುತ್ತದೆ. ಕಾಂಕ್ರೀಟಿನಿಂದ ಹೊಸ ಡಾಂಬರಿಗೆ ಬಂದ ಕೂಡಲೇ ಇಳಿಯುತ್ತದೆ. ಬೇರಿಂಗಿಗೆ ಯಾವ ರಸ್ತೆಯಾದರೂ ಒಂದೇ.

ಖರ್ಚಿಲ್ಲದ ಪರೀಕ್ಷೆ: ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ ಓಡಿಸಿ. ಸದ್ದು ಹಿಂದಕ್ಕೆ ಹೋದರೆ ಅಥವಾ ಅದರ ದನಿ ಬದಲಾದರೆ ಟೈರೇ ಕಾರಣ. ಆಗ ಟೈರ್ ಹಾಗೆ ಸವೆಸಿದ್ದು ಯಾವುದು ಅಂತ ಹುಡುಕಿ. ಅಲೈನ್‌ಮೆಂಟ್, ಸತ್ತ ಶಾಕ್ ಅಬ್ಸಾರ್ಬರ್, ಸಡಿಲ ಬುಷ್, ಈ ಮೂರರಲ್ಲಿ ಒಂದು ಇರುತ್ತದೆ. ಹಿಂದಿನ ಚಕ್ರದ ಬೇರಿಂಗ್ ಕೂಡ ನೋಡಿ, ಚಿಕ್ಕ ಗಾಡಿಯಲ್ಲಿ ಹಿಂದಿನ ಸದ್ದು ಮುಂದೆ ಬಂದಂತೆ ಕೇಳಿಸುತ್ತದೆ. ಇಷ್ಟೂ ಆದ ಮೇಲೆ ಗೇರ್‌ಬಾಕ್ಸ್ ಮಾತು.

ಸರ್, ನಮ್ಮ ಎಸ್ಟೇಟಿನಲ್ಲಿ ಹಳೆಯ ಮಹೀಂದ್ರ ಜೀಪ್ ಇದೆ. ಮುಂದಿನ ಹಬ್ ಬೇರಿಂಗ್ ನಾನೇ ತೊಳೆದು, ಹೊಸ ಗ್ರೀಸ್ ತುಂಬಿ, ಚೆನ್ನಾಗಿ ಟೈಟ್ ಮಾಡಿ ಹಾಕಿದೆ. ಮೊದಲಿದ್ದ ಆಟ ಹೋಯಿತು. ಆದರೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ಹಬ್ ಕೈ ಇಡಲಾಗದಷ್ಟು ಬಿಸಿ.
— ಓದುಗರು, ಸಕಲೇಶಪುರ

‘ಚೆನ್ನಾಗಿ ಟೈಟ್ ಮಾಡಿ’ ಅಂದಿರಲ್ಲ, ಅಲ್ಲೇ ಇದೆ ಬಿಸಿ. ಮಾರುತಿಯದ್ದಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ನಟ್ ಗಟ್ಟಿ ಬಿಗಿಯಬೇಕು, ಇಲ್ಲಿ ಬಿಗಿದರೆ ಕೆಟ್ಟಿತು. ನಿಮ್ಮ ಜೀಪಿನದ್ದು ಟೇಪರ್ ರೋಲರ್ ಬೇರಿಂಗ್, ಹೊರ ಬಳೆಯಾದ ಕಪ್ ಮತ್ತು ರೋಲರ್ ಕೂತ ಒಳ ಭಾಗವಾದ ಕೋನ್ ಬೇರೆ ಬೇರೆ. ಹೆನ್ರಿ ಟಿಮ್ಕೆನ್ ಅನ್ನುವ ಅಮೆರಿಕದ ಗಾಡಿ ತಯಾರಕ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಗಾಡಿ ಅಂದರೆ ಕುದುರೆ ಗಾಡಿ. ತಿರುವಿನಲ್ಲಿ ಚಕ್ರದ ಮೇಲೆ ಬೀಳುವ ಅಡ್ಡ ಭಾರ ತಡೆಯಲು ರೋಲರನ್ನು ಓರೆ ಕೂರಿಸಿದ್ದು ಅವನ ಉಪಾಯ. ಓರೆ ಇರುವುದರಿಂದ ನಟ್ ತಿರುಗಿಸಿದಷ್ಟೂ ಕೋನ್ ಕಪ್ಪಿನೊಳಗೆ ಹೋಗುತ್ತದೆ, ಕೊನೆಗೆ ಎಣ್ಣೆ ನಿಲ್ಲಲೂ ಜಾಗ ಇರುವುದಿಲ್ಲ.

ಹೀಗೆ ಮಾಡಿ. ಚಕ್ರ ಎತ್ತಿ, ಒಂದು ಕೈಯಲ್ಲಿ ತಿರುಗಿಸುತ್ತಲೇ ಒಳ ನಟ್ ಬಿಗಿಯಿರಿ, ಚಕ್ರ ಹಿಡಿಯುವವರೆಗೆ. ರೋಲರ್‌ಗಳೆಲ್ಲ ತಮ್ಮ ಜಾಗಕ್ಕೆ ಕೂರಲಿ ಅಂತ ಇದು. ಆಮೇಲೆ ನಟ್ ಅನ್ನು ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಚಕ್ರ ಸಲೀಸಾಗಿ ತಿರುಗಬೇಕು, ಅಲ್ಲಾಡಿಸಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಆಟ ಇರಬೇಕು. ಡಯಲ್ ಗೇಜ್ ಇದ್ದವರಿಗೆ ಹೇಳುವುದಾದರೆ ಒಂದು ಇಂಚಿನ ಸಾವಿರದ ಒಂದರಿಂದ ಐದು ಭಾಗ. ಮಡಚುವ ವಾಷರ್ ಹಾಕಿ, ಹೊರ ನಟ್ ಬಿಗಿದು, ಮತ್ತೊಮ್ಮೆ ತಿರುಗಿಸಿ ನೋಡಿ. ಹೊರ ನಟ್ ಬಿಗಿದಾಗ ಒಳ ನಟ್ ಒಂದಿಷ್ಟು ಒತ್ತಿಕೊಳ್ಳುತ್ತದೆ, ಆಟ ಮಾಯವಾಗಬಹುದು. ಹಾಗಾದರೆ ಮತ್ತೆ ಬಿಚ್ಚಿ ಸರಿ ಮಾಡಿ. ಎಲ್ಲ ಸರಿ ಅನ್ನಿಸಿದ ಮೇಲೆ ವಾಷರ್ ಮಡಚಿ.

ಈಗ ಹಾಕಿರುವುದನ್ನು ಬಿಚ್ಚಿದಾಗ ರೋಲರಿನ ಬಣ್ಣ ನೋಡಿ. ನೀಲಿ ಅಥವಾ ಕಂದು ಛಾಯೆ ಬಂದಿದ್ದರೆ ಕಾದು ಹದ ಹೋಗಿದೆ, ಕಪ್ ಸಮೇತ ಹೊಸದು ಹಾಕಿ. ಹಳೆಯ ಕಪ್ಪಿಗೆ ಹೊಸ ಕೋನ್ ಹಾಕುವ ಉಳಿತಾಯ ಬೇಡ.

ಗ್ರೀಸ್ ಯಾವುದು ಅಂತ ನೀವು ಬರೆದಿಲ್ಲ. ಎಸ್ಟೇಟಿನಲ್ಲಿ ಪಂಪಿಗೆ, ಗೇಟಿಗೆ ಹಾಕುವ ಅಗ್ಗದ ಹಳದಿ ಗ್ರೀಸ್ ಡಬ್ಬ ಒಂದು ಇರುತ್ತದೆ, ಅದನ್ನೇ ತುಂಬಿದ್ದರೆ ತೊಳೆದು ಬಿಡಿ. ಕ್ಯಾಲ್ಸಿಯಂ ಗ್ರೀಸ್ 100 ಡಿಗ್ರಿ ಹತ್ತಿರ ಬಂದರೆ ನೀರಾಗುತ್ತದೆ. ಘಾಟಿ ಇಳಿಯುವಾಗ ಬ್ರೇಕಿನ ಬಿಸಿ ಹಬ್‌ಗೆ ಬರುತ್ತದೆ ಅನ್ನುವುದು ನೆನಪಿರಲಿ. ಲಿಥಿಯಂ ಗ್ರೀಸ್ 180 ಡಿಗ್ರಿಯ ಆಸುಪಾಸಿನವರೆಗೆ ಹನಿಯುವುದಿಲ್ಲ. ಡಬ್ಬದ ಮೇಲೆ ‘ವೀಲ್ ಬೇರಿಂಗ್’ ಅಂತ ಇರುವ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ತಂದರೆ ಇನ್ನೂ ನಿಶ್ಚಿಂತೆ. ಅಂಗೈಯಲ್ಲಿ ಉಂಡೆ ಇಟ್ಟುಕೊಂಡು ಕೋನಿನ ದೊಡ್ಡ ಬದಿಯಿಂದ ಒತ್ತಿ, ಆಚೆ ಬದಿಯ ರೋಲರ್ ಸಂದಿಯಿಂದ ಎಳೆ ಎಳೆಯಾಗಿ ಹೊರಬರುವವರೆಗೆ ತುಂಬಿ. ಹಬ್‌ನ ಟೊಳ್ಳಿಗೆ ಮೂರನೇ ಒಂದು ಭಾಗ ಸಾಕು. ಪೂರ್ತಿ ತುಂಬಿದರೆ ಗ್ರೀಸೇ ಗ್ರೀಸನ್ನು ಕಡೆದು ಬಿಸಿಯಾಗುತ್ತದೆ, ಸೀಲ್ ದಾಟಿ ಬ್ರೇಕ್ ಲೈನಿಂಗ್ ಮೇಲೂ ಬರುತ್ತದೆ.

ಬೇರಿಂಗ್ ಅಂಗಡಿಯಲ್ಲಿ ಒಂದೇ ನಂಬರಿನದ್ದು ಮೂರು ಬೆಲೆಗೆ ಕೊಡುತ್ತಾರೆ. ಡೂಪ್ಲಿಕೇಟ್ ಗುರುತಿಸುವುದು ಹೇಗೆ? ನಂಬರಿಗೆ ಅರ್ಥ ಇದೆಯೇ?
— ಓದುಗರು, ಚಿತ್ರದುರ್ಗ

ನಂಬರಿಗೆ ಅರ್ಥ ಇದೆ. ಸಾಮಾನ್ಯ ಬಾಲ್ ಬೇರಿಂಗಿನಲ್ಲಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳ ತೂತಿನ ಅಳತೆ ಮಿ.ಮೀ.ನಲ್ಲಿ ಸಿಗುತ್ತದೆ. 04ರಿಂದ ಮೇಲಿನವಕ್ಕೆ ಈ ಲೆಕ್ಕ. 6205 ಅಂದರೆ ಒಳಗೆ 25, ಹೊರಗೆ 52, ದಪ್ಪ 15. 6206 ಅಂದರೆ 30, 62, 16. ಹಿಂದೆ 2ಆರ್‌ಎಸ್ ಅಂತ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ತಗಡು ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ನಂಬರಿನ ಕೊನೆಗೆ ಸಿ3 ಅಂತ ಇದ್ದರೆ ಒಳಗಿನ ಸಡಿಲ ಮಾಮೂಲಿಗಿಂತ ಜಾಸ್ತಿ. ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಲಿ.

ಡೂಪ್ಲಿಕೇಟ್ ಬಗ್ಗೆ: ಈಗಿನ ನಕಲಿಗಳ ಡಬ್ಬ ಅಸಲಿಗಿಂತ ಚೆನ್ನಾಗಿರುತ್ತದೆ, ಡಬ್ಬ ನೋಡಿ ಹೇಳಲಾಗದು. ಅಕ್ಷರಗಳು ಸಮ ಇಲ್ಲದಿದ್ದರೆ, ರೇಸಿನ ಅಂಚಿನಲ್ಲಿ ಪಾಲಿಶ್ ಗೆರೆ ಕಂಡರೆ ಅನುಮಾನಿಸಿ. ಹಳೆಯ ಬೇರಿಂಗನ್ನು ಪಾಲಿಶ್ ಮಾಡಿ ಹೊಸ ಹೆಸರು ಕೆತ್ತುವವರೂ ಇದ್ದಾರೆ. ಎಸ್‌ಕೆಎಫ್‌ನಂಥ ಕಂಪನಿಗಳು ಅಸಲಿ ಹೌದೋ ಅಲ್ಲವೋ ನೋಡಲು ಮೊಬೈಲ್ ಆ್ಯಪ್ ಕೊಟ್ಟಿವೆ, ಅಂಗಡಿಯಲ್ಲೇ ನಿಂತು ನೋಡಿ. ಹೊರದೇಶದ ಹೆಸರೇ ಬೇಕು ಅಂತ ಹಟ ಬೇಡ. ಜೈಪುರದಲ್ಲಿ 1946ರಲ್ಲಿ ಶುರುವಾದ ಕಾರ್ಖಾನೆಯ ಎನ್‌ಬಿಸಿ ಬೇರಿಂಗ್‌ಗಳು ನಮ್ಮ ಗಾಡಿಗಳಲ್ಲಿ ತುಂಬಾ ಕಾಲದಿಂದ ಓಡುತ್ತಿವೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರಿದ್ದರೆ ಹಳೆಯ ಬೇರಿಂಗನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಬಿಲ್ ಕೇಳಿ. ಬಿಲ್ ಕೊಡಲು ಮುಖ ಗಂಟು ಹಾಕಿದರೆ ಪಕ್ಕದ ಅಂಗಡಿ.

ಮೇಷ್ಟ್ರೇ, ನಾವು ಮಿಷಿಗನ್‌ನಲ್ಲಿದ್ದೇವೆ. ಹದಿನೈದು ವರ್ಷ ದಾಟಿದ ಕಾರು, ಬೇರಿಂಗ್ ಹೋಗಿದೆ. ಇಲ್ಲಿ ಕೂಲಿ ಕೊಡುವ ದುಡ್ಡಿಗೆ ಊರಿಗೆ ಟಿಕೆಟ್ ಬರುತ್ತದೆ. ನಾನೇ ಮಾಡಬಹುದೇ?
— ಓದುಗರು, ಮಿಷಿಗನ್

ನಿಮ್ಮ ಗಾಡಿಯಲ್ಲಿ ಯಾವ ಬಗೆಯದ್ದು ಅಂತ ಮೊದಲು ತಿಳಿದುಕೊಳ್ಳಿ. ಬೇರಿಂಗ್, ಹಬ್ ಎಲ್ಲ ಒಟ್ಟಿಗೆ ಬರುವ ಬೋಲ್ಟ್ ಹಾಕುವ ಬಗೆಯಾದರೆ ಪ್ರೆಸ್ ಬೇಕಿಲ್ಲ, ಖಂಡಿತ ನೀವೇ ಮಾಡಬಹುದು. ನಿಮ್ಮಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಅದೇ ನಿಮ್ಮ ನಿಜವಾದ ಶತ್ರು. ಬೋಲ್ಟ್ ಬಿಚ್ಚಿದರೂ ಹಬ್ ತುಕ್ಕಿನಲ್ಲಿ ಕಚ್ಚಿಕೊಂಡು ಕೂತಿರುತ್ತದೆ. ಹಿಂದಿನಿಂದ ಬೋಲ್ಟನ್ನು ನಾಲ್ಕೈದು ಸುತ್ತು ಮಾತ್ರ ಹಾಕಿ, ಅದರ ತಲೆಗೆ ಸರದಿಯಲ್ಲಿ ಬಡಿದು ಹೊರತಳ್ಳಿ. ಹೊಸದು ಹಾಕುವ ಮುಂಚೆ ನಕಲ್‌ನ ತೂತನ್ನು ತಂತಿ ಬ್ರಷ್‌ನಲ್ಲಿ ಹೊಳೆಯುವಂತೆ ಉಜ್ಜಿ. ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇದ್ದರೆ ಸೆನ್ಸರ್ ವೈರನ್ನು ಜೋಪಾನ ಮಾಡಿ. ಒತ್ತುವ ಬಗೆಯ ಬೇರಿಂಗ್ ಆಗಿದ್ದು ಒಳಗೆ ಎಬಿಎಸ್ ಉಂಗುರ ಇದ್ದರೆ, ಆ ಬದಿ ಸೆನ್ಸರ್ ಕಡೆಗೇ ಕೂರಬೇಕು. ನಿಮ್ಮಲ್ಲಿ ಸ್ಪೇರ್ ಅಂಗಡಿಗಳು ಡಿಪಾಸಿಟ್ ಇಟ್ಟುಕೊಂಡು ಪುಲ್ಲರ್, ಬೇರಿಂಗ್ ಒತ್ತುವ ಕಿಟ್ ಎಲ್ಲ ಎರವಲು ಕೊಡುತ್ತವೆ, ವಾಪಸ್ ಕೊಟ್ಟರೆ ದುಡ್ಡು ವಾಪಸ್. ನಮ್ಮ ಕಡೆ ಅಂಥದ್ದೊಂದು ಇದ್ದಿದ್ದರೆ ಈ ಅಂಕಣ ಅರ್ಧ ಸಾಕಾಗುತ್ತಿತ್ತು.

ಬರುವ ಭಾನುವಾರ ಮದುವೆಗೆ ಧಾರವಾಡದಿಂದ ಬಳ್ಳಾರಿಗೆ ಹೋಗಬೇಕು. ಮುಂದಿನ ಬೇರಿಂಗ್ ಸದ್ದು ಮಾಡುತ್ತಿದೆ. ಮೆಕ್ಯಾನಿಕ್ ಬಿಡುವಾಗಿ ಸಿಗುವುದು ಮಂಗಳವಾರ. ಹೋಗಿ ಬರಬಹುದೇ?
— ಓದುಗರು, ಧಾರವಾಡ

ನಿಮ್ಮ ಪತ್ರ ಅಚ್ಚಾಗುವ ಹೊತ್ತಿಗೆ ಮದುವೆ ಮುಗಿದಿರುತ್ತದೆ. ಬೇರೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತೇನೆ.

ಚಕ್ರ ಎತ್ತಿ ಅಲ್ಲಾಡಿಸಿದಾಗ ಆಟ ಇಲ್ಲ, ಬರೀ ಗುಂಯ್ ಅಂತಿದೆ ಅಂದರೆ ಊರೊಳಗೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಹೆದ್ದಾರಿಯಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಬೇಡ. ಆಟ ಇದ್ದರೆ ಗ್ಯಾರೇಜಿಗೂ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ. ಆಟ ಇರುವ ಬೇರಿಂಗಿನಲ್ಲಿ ಡಿಸ್ಕ್ ಓಲಾಡುತ್ತದೆ. ಓಲಾಡುವ ಡಿಸ್ಕ್ ಬ್ರೇಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಪೆಡಲ್ ಉದ್ದಕ್ಕೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ಮಾತ್ರ ಹಿಡಿಯುತ್ತದೆ. ಎದುರಿಗೆ ಲಾರಿ ನಿಂತಾಗ ಎರಡನೇ ಸಲಕ್ಕೆ ಟೈಮ್ ಇರುವುದಿಲ್ಲ ಅಲ್ವಾ? ಇನ್ನೂ ಮುಂದೆ ಹೋದರೆ ಬೇರಿಂಗ್ ಕಾದು ಹಿಡಿದುಕೊಳ್ಳಬಹುದು, ಗುಂಡುಗಳು ಪುಡಿಯಾಗಿ ಹಬ್ಬೇ ಸಡಿಲವಾಗಿ ಬರಬಹುದು.

ಧಾರವಾಡದಿಂದ ಬಳ್ಳಾರಿಗೆ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ಮೇಲೆ ರೈಲಿದೆ. ಸೀಟು ಮೊದಲೇ ನೋಡಿಕೊಳ್ಳಿ, ಮದುವೆ ಸೀಸನ್.